ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಿಎ–ಬಿಎಸ್ಸಿ ಕಾಲೇಜುಗಳ ಬೋಧಕ ವರ್ಗ: ಹೆಸರು, ಹುದ್ದೆ, ವಾರದ ಗಂಟೆ

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಭಾಗದಲ್ಲಿ ಕಾಲೇಜು ಹುಡುಕುವವರು ಮೊದಲು ಕೇಳುವುದು ಫೀಸು, ಆಮೇಲೆ ಹಾಸ್ಟೆಲ್ಲು, ಆಮೇಲೆ ಬಸ್ ಪಾಸು. ಪಾಠ ಮಾಡುವವರು ಯಾರು ಅನ್ನುವ ಪ್ರಶ್ನೆ ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಬಂದರೂ ಕಾಲೇಜಿನ ವೆಬ್‌ಸೈಟ್ ತೆಗೆದು ಎಷ್ಟು ಹೆಸರಿನ ಹಿಂದೆ ‘ಡಾ.’ ಇದೆ ಎಂದು ಎಣಿಸಿ ಮುಗಿಸುತ್ತಾರೆ. ಮೂರು ವರ್ಷ ಮಗ ಅಥವಾ ಮಗಳು ಕೂರುವುದು ಆ ಹೆಸರುಗಳ ಮುಂದೆ. ಕಟ್ಟಡದ ಮುಂದೆ ಕೂರುವುದಿಲ್ಲ.

ಒಟ್ಟು ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಮೂರು ಜಿಲ್ಲೆಗಳ ಕಲಾ ಮತ್ತು ವಿಜ್ಞಾನ ಕಾಲೇಜುಗಳಲ್ಲಿ ಓದಿಕೊಂಡ ಅಧ್ಯಾಪಕರು ಇದ್ದಾರೆ. ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ–ಸೆಟ್ ಪಾಸಾದವರು, ಪಿಎಚ್‌ಡಿ ಮುಗಿಸಿದವರು, ತಮ್ಮ ವಿಷಯವನ್ನು ನಿಜಕ್ಕೂ ಪ್ರೀತಿಸುವವರು ಸಿಗುತ್ತಾರೆ. ಕೊರತೆ ಇರುವುದು ಗಂಟೆಗಳಲ್ಲಿ. ಟೈಮ್‌ಟೇಬಲ್ ಕೇಳುವಷ್ಟು ಪೀರಿಯಡ್ಡುಗಳನ್ನು ತುಂಬಲು ಬೇಕಾದಷ್ಟು ಜನ ಇಲ್ಲದ ವಿಭಾಗಗಳು ಬಹಳ. ಆದ್ದರಿಂದ ಕಾಲೇಜಿನ ಬೋಧಕರನ್ನು ಅಳೆಯುವಾಗ ಹೆಸರಿನ ಪಟ್ಟಿಯನ್ನು ಗಂಟೆಯ ಲೆಕ್ಕದ ಪಕ್ಕದಲ್ಲಿಟ್ಟು ಓದಬೇಕು.

ಅದಕ್ಕೂ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ವಿಶ್ವವಿದ್ಯಾಲಯದ ಬೋಧಕರು ಬೇರೆ, ಅದಕ್ಕೆ ಸೇರಿದ ಕಾಲೇಜಿನ ಬೋಧಕರು ಬೇರೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಿ ಆದದ್ದು. ಅದಕ್ಕೆ ಮುಂಚೆ ಅಲ್ಲಿ ಇದ್ದದ್ದು ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ರಾಯಚೂರು, ಯಾದಗಿರಿ ಜಿಲ್ಲೆಗಳ ಕಾಲೇಜುಗಳು ಈಗ ಮಹರ್ಷಿ ವಾಲ್ಮೀಕಿ ಹೆಸರು ಹೊತ್ತ ರಾಯಚೂರು ವಿಶ್ವವಿದ್ಯಾಲಯಕ್ಕೆ ಸೇರಿವೆ. ಕೊಪ್ಪಳ ವಿಶ್ವವಿದ್ಯಾಲಯ 2023ರಲ್ಲಿ ಬಳ್ಳಾರಿಯಿಂದ ಬೇರೆಯಾಯಿತು. ಈ ಕ್ಯಾಂಪಸ್ಸುಗಳ ವಿಭಾಗಗಳಲ್ಲಿ ಇರುವವರು ಮುಖ್ಯವಾಗಿ ಎಂಎ, ಎಂಎಸ್ಸಿ, ಪಿಎಚ್‌ಡಿಯವರಿಗೆ ಪಾಠ ಮಾಡುವವರು. ಬಿಎ, ಬಿಎಸ್ಸಿ ನಡೆಯುವುದು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ, ಅನುದಾನಿತ ಕಾಲೇಜುಗಳಲ್ಲಿ, ಖಾಸಗಿ ಕಾಲೇಜುಗಳಲ್ಲಿ. ಬಳ್ಳಾರಿಯ ವೀರಶೈವ ಕಾಲೇಜು, ಕೊಪ್ಪಳದ ಗವಿಸಿದ್ಧೇಶ್ವರ ಕಾಲೇಜು, ರಾಯಚೂರಿನ ಎಲ್‌ವಿಡಿ ಕಾಲೇಜು ಹೀಗೆ ತಲೆಮಾರುಗಳನ್ನು ಕಂಡ ಸಂಸ್ಥೆಗಳು. ಸಿಲಬಸ್ ಮತ್ತು ಪ್ರಶ್ನೆಪತ್ರಿಕೆ ವಿಶ್ವವಿದ್ಯಾಲಯದ್ದು, ಪಾಠ ಕಾಲೇಜಿನದು. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ದೊಡ್ಡ ಪ್ರಾಧ್ಯಾಪಕರ ಹೆಸರು ನೋಡಿ ಅವರೇ ಬಿಎಸ್ಸಿ ಮೊದಲ ವರ್ಷಕ್ಕೆ ಬರುತ್ತಾರೆ ಎಂದುಕೊಂಡು ಸೇರಿದರೆ ನಿರಾಸೆ ಖಂಡಿತ. ಸ್ವಾಯತ್ತ ಕಾಲೇಜಿನಲ್ಲಿ ಮಾತ್ರ ಸಿಲಬಸ್, ಪರೀಕ್ಷೆ ಎರಡನ್ನೂ ಕಾಲೇಜೇ ನಡೆಸುತ್ತದೆ. ಅಲ್ಲಿ ಬೋಧಕರ ಜವಾಬ್ದಾರಿ ಇಮ್ಮಡಿ, ಅವರ ಗುಣಮಟ್ಟದ ಪರಿಣಾಮವೂ ಇಮ್ಮಡಿ.

ಹುದ್ದೆಗಳ ವಿಷಯ ಚಿಕ್ಕದಾಗಿ. ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ ಎಂಬ ಮೂರು ಮೆಟ್ಟಿಲು ಖಾಯಂ ನೌಕರರದ್ದು. ಸರ್ಕಾರಿ ಕಾಲೇಜಿನಲ್ಲಿ ಇವರ ಪಕ್ಕದಲ್ಲಿ ಅತಿಥಿ ಉಪನ್ಯಾಸಕರು ಇರುತ್ತಾರೆ. ಅನುದಾನಿತ ಕಾಲೇಜಿನಲ್ಲಿ ಸರ್ಕಾರದ ಸಂಬಳದವರು ಕೆಲವರು, ಆಡಳಿತ ಮಂಡಳಿ ಸಂಬಳ ಕೊಡುವ ಮ್ಯಾನೇಜ್‌ಮೆಂಟ್ ಲೆಕ್ಚರರ್‌ಗಳು ಕೆಲವರು. ಖಾಸಗಿಯಲ್ಲಿ ಎಲ್ಲರೂ ಮ್ಯಾನೇಜ್‌ಮೆಂಟಿನವರೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ, ಜೊತೆಗೆ ನೆಟ್ ಅಥವಾ ಸೆಟ್ ಅಥವಾ ನಿಯಮದ ಷರತ್ತುಗಳಿಗೆ ಹೊಂದುವ ಪಿಎಚ್‌ಡಿ ಬೇಕು. 2021ರಲ್ಲಿ ಅಧಿಸೂಚನೆಯಾದ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳ ಮೂಲಕ ಬಂದ ಹೊಸಬರು ಈಗ ಸರ್ಕಾರಿ ಕಾಲೇಜುಗಳಲ್ಲಿದ್ದಾರೆ. ಸ್ಪರ್ಧಾತ್ಮಕ ಪರೀಕ್ಷೆ ಬರೆದು ಬಂದವರು ಅವರು. ನೀವು ನೋಡುತ್ತಿರುವ ವಿಭಾಗಕ್ಕೆ ಅಂಥವರು ಒಬ್ಬರಾದರೂ ಬಂದಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಈಗ ಗಂಟೆಯ ಲೆಕ್ಕ. ಅದೇ 2018ರ ನಿಯಮ ಹೇಳುವಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರು 14 ಗಂಟೆ ನೇರ ಬೋಧನೆ ಮಾಡಬೇಕು. ಒಟ್ಟು ಕೆಲಸದ ಹೊರೆ ವಾರಕ್ಕೆ 40 ಗಂಟೆ, ವರ್ಷಕ್ಕೆ 30 ವಾರ, ಅಂದರೆ 180 ಬೋಧನಾ ದಿನಗಳು. ಈ ಅಂಕಿಗಳು ಕೈಯಲ್ಲಿದ್ದರೆ ಯಾವ ವಿಭಾಗವನ್ನಾದರೂ ಒಂದು ಹಾಳೆಯ ಮೇಲೆ ಅಳೆಯಬಹುದು.

ರಸಾಯನಶಾಸ್ತ್ರ ವಿಭಾಗವನ್ನೇ ತೆಗೆದುಕೊಳ್ಳಿ. ಮೊದಲ ವರ್ಷಕ್ಕೆ 60 ಮಕ್ಕಳು, ವಾರಕ್ಕೆ 4 ಗಂಟೆ ಥಿಯರಿ, 4 ಗಂಟೆಯ ಒಂದು ಪ್ರಾಕ್ಟಿಕಲ್ ಎಂದು ಹಿಡಿಯೋಣ. 20 ಜನರ ಬ್ಯಾಚು ಮಾಡಿದರೆ 3 ಬ್ಯಾಚು, 12 ಗಂಟೆ. ಥಿಯರಿಯ 4 ಸೇರಿ 16. ಒಂದೇ ವರ್ಷದ ಮಕ್ಕಳಿಗೆ ಒಬ್ಬ ಸಹಾಯಕ ಪ್ರಾಧ್ಯಾಪಕರ ಇಡೀ ವಾರ ಮುಗಿದುಹೋಯಿತು. ಮೂರು ವರ್ಷಗಳೂ ತುಂಬಿದ್ದರೆ 48 ಗಂಟೆ, ಮೂರು ಜನ ಬೇಕು. ಪಿಸಿಎಂ (ಭೌತ, ರಸಾಯನ, ಗಣಿತ), ಸಿಬಿಜಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಎರಡೂ ಕಾಂಬಿನೇಷನ್ ಇದ್ದು ಎರಡರಲ್ಲೂ 60 ಮಕ್ಕಳಿದ್ದರೆ ಪ್ರಾಕ್ಟಿಕಲ್ ಒಂದೇ ವಾರಕ್ಕೆ 72 ಗಂಟೆಯಾಗುತ್ತದೆ. ಥಿಯರಿಗೆ ಎಲ್ಲರನ್ನೂ ಒಂದೇ ಹಾಲಿನಲ್ಲಿ ಕೂರಿಸಿದರೂ 84 ಗಂಟೆ. ಐದು ಜನ ಸಾಲದು. ಇನ್ನು ಪಟ್ಟಿ ನೋಡಿ. ಅಲ್ಲಿ ಇಬ್ಬರು ಖಾಯಂ, ಒಬ್ಬರು ಅತಿಥಿ ಎಂದಿದ್ದರೆ ಉಳಿದ ಗಂಟೆಗಳು ಎಲ್ಲಿ ಹೋದವು ಎಂದು ಕೇಳುವ ಹಕ್ಕು ನಿಮಗಿದೆ.

ಅವು ಹೋಗುವ ದಾರಿ ಸಾಮಾನ್ಯವಾಗಿ ಇದು. ಮೊದಲು ಬ್ಯಾಚುಗಳು ಕೂಡುತ್ತವೆ, 20 ಇದ್ದದ್ದು 40 ಆಗುತ್ತದೆ. ಆಮೇಲೆ ನಾಲ್ಕು ಗಂಟೆಯ ಪ್ರಾಕ್ಟಿಕಲ್ ಎರಡೂವರೆ ಗಂಟೆಗೆ ಮುಗಿಯುತ್ತದೆ. ಆಮೇಲೆ ಇಂತಿಷ್ಟು ಪ್ರಯೋಗಗಳನ್ನು ‘ಡೆಮೊ’ ಎಂದು ಮೇಷ್ಟ್ರೇ ಮಾಡಿ ತೋರಿಸುತ್ತಾರೆ. ಇದರಲ್ಲಿ ಅಧ್ಯಾಪಕರ ಸೋಮಾರಿತನ ಹುಡುಕುವುದು ಅನ್ಯಾಯ. ಆ ಇಬ್ಬರು ಖಾಯಂ ನೌಕರರಲ್ಲಿ ಒಬ್ಬರು ಎನ್ನೆಸ್ಸೆಸ್ ಅಧಿಕಾರಿ, ಇನ್ನೊಬ್ಬರು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಕೆಲಸದ ಸಂಯೋಜಕರು ಅಥವಾ ಸ್ಕಾಲರ್‌ಶಿಪ್ಪಿನ ನೋಡಲ್ ಅಧಿಕಾರಿ ಆಗಿರುತ್ತಾರೆ. ಚುನಾವಣೆ ಬಂದರೆ ಅದರ ತರಬೇತಿ, ಪರೀಕ್ಷೆ ಬಂದರೆ ಬೇರೆ ಕಾಲೇಜಿಗೆ ಸ್ಕ್ವಾಡ್, ಮೌಲ್ಯಮಾಪನ. ಖಾಯಂ ನೌಕರರು ಕಡಿಮೆ ಇದ್ದಷ್ಟೂ ಆಡಳಿತದ ಕೆಲಸ ಅದೇ ಕೆಲವರ ತಲೆ ಮೇಲೆ ಬೀಳುತ್ತದೆ, ಯಾಕೆಂದರೆ ಸಹಿ ಮಾಡುವ ಅಧಿಕಾರ ಖಾಯಂನವರಿಗೇ. ಅಪ್ಪಟ ಪಾಠಗಾರರೊಬ್ಬರು ಸೆಮಿಸ್ಟರಿನ ಅರ್ಧ ಭಾಗ ಕಂಪ್ಯೂಟರಿನ ಮುಂದೆ ಪ್ರವೇಶ, ಪರೀಕ್ಷೆಗಳ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ಗೆ ಅಂಕ ತುಂಬುತ್ತಾ ಕೂರುವುದು ನಮ್ಮ ಕಾಲೇಜುಗಳ ಅತಿ ದೊಡ್ಡ ನಷ್ಟ.

ಇನ್ನೊಂದು ಗಮನಿಸಬೇಕಾದ್ದು ನಿಯೋಜನೆ. ಒಬ್ಬರ ಸಂಬಳ ಒಂದು ಕಾಲೇಜಿನಲ್ಲಿ, ವಾರಕ್ಕೆ ಮೂರು ದಿನ ಕೆಲಸ ಮತ್ತೊಂದರಲ್ಲಿ. ಹೆಸರು ಎರಡೂ ಕಡೆಯ ಪಟ್ಟಿಯಲ್ಲಿ ಕಾಣಬಹುದು. ‘ಸರ್ ವಾರಪೂರ್ತಿ ಇಲ್ಲೇ ಇರ್ತಾರಾ?’ ಎಂದು ಕೇಳಿದರೆ ಆಫೀಸಿನವರು ಮುಚ್ಚಿಡದೆ ಹೇಳುತ್ತಾರೆ.

ಬಿಎಸ್ಸಿ ಸೇರುವವರು ಲ್ಯಾಬಿನ ಬಾಗಿಲವರೆಗೆ ಹೋಗಲೇಬೇಕು. ಬೋಧಕರು ಹೇಗೆ ಕೆಲಸ ಮಾಡುತ್ತಾರೆ ಎಂಬುದಕ್ಕೆ ವಿದ್ಯಾರ್ಥಿಗಳ ರೆಕಾರ್ಡ್ ಬುಕ್ಕಿಗಿಂತ ಪ್ರಾಮಾಣಿಕ ಸಾಕ್ಷಿ ಇಲ್ಲ. ಎರಡನೇ ವರ್ಷದ ನಾಲ್ಕು ಮಕ್ಕಳ ರೆಕಾರ್ಡು ಕೇಳಿ ಪಡೆದು ಒಂದೇ ಪ್ರಯೋಗದ ಪುಟ ತೆರೆಯಿರಿ. ಟೈಟ್ರೇಷನ್ ಆಗಿದ್ದರೆ ಬ್ಯುರೆಟ್ಟಿನ, ಅಂದರೆ ದ್ರಾವಣವನ್ನು ಅಳೆದು ಬಿಡುವ ಗಾಜಿನ ಕೊಳವೆಯ, ಓದುಗಳನ್ನು ನೋಡಿ. ಬ್ಯುರೆಟ್ಟಿನಲ್ಲಿ 0.1 ಮಿಲಿಲೀಟರಿಗೊಂದು ಗೆರೆ ಇರುತ್ತದೆ. ನಾಲ್ಕು ಮಕ್ಕಳು ತಾವೇ ಮಾಡಿದ್ದರೆ ಓದುಗಳು ಒಂದೆರಡು ಗೆರೆ ಆಚೀಚೆ ಬರಲೇಬೇಕು. ಶುರುವಿನ ಓದು ಒಬ್ಬರದು 0, ಇನ್ನೊಬ್ಬರದು 10.2, ಹೀಗೆ ಬೇರೆ ಇರುತ್ತದೆ. ನಾಲ್ವರಲ್ಲೂ 0ಯಿಂದ 9.8, 9.8 ರಿಂದ 19.6, ಅಕ್ಷರಶಃ ಒಂದೇ ಆಗಿದ್ದರೆ ಒಬ್ಬರು ಮಾಡಿ ಉಳಿದವರು ಬರೆದುಕೊಂಡಿದ್ದಾರೆ ಎಂದೇ ಅರ್ಥ. ಭೌತಶಾಸ್ತ್ರದ ರೆಕಾರ್ಡಿನಲ್ಲಿ ತಂತಿಯ ದಪ್ಪ ಅಳೆಯುವ ಸ್ಕ್ರೂಗೇಜಿನ ಶೂನ್ಯ ದೋಷ ನೋಡಿ. ಪ್ರತಿ ಸ್ಕ್ರೂಗೇಜಿಗೂ ತನ್ನದೇ ದೋಷ ಇರುತ್ತದೆ, ಕೆಲವಕ್ಕೆ ಧನ, ಕೆಲವಕ್ಕೆ ಋಣ. ಇಡೀ ಬ್ಯಾಚಿನ ರೆಕಾರ್ಡಿನಲ್ಲಿ ಒಂದೇ ದೋಷ ಇದ್ದರೆ ಲ್ಯಾಬಿನಲ್ಲಿ ಸರಿಯಿರುವುದು ಒಂದೇ ಉಪಕರಣ. ಸಸ್ಯಶಾಸ್ತ್ರದಲ್ಲಿ ಕಾಂಡದ ಅಡ್ಡಸೀಳಿನ ಚಿತ್ರ ಪುಸ್ತಕದಂತೆ ಪರಿಪೂರ್ಣವಾಗಿದ್ದರೆ ಅನುಮಾನಿಸಿ. ಬ್ಲೇಡು ಹಿಡಿದು ತಾನೇ ಸೀಳಿದ ಮಗುವಿನ ಚಿತ್ರದಲ್ಲಿ ಒಂದು ಕಡೆ ಅಂಗಾಂಶ ಹರಿದಿರುತ್ತದೆ, ಒಂದೆರಡು ನಾಳಗುಚ್ಛ ಕಾಣೆಯಾಗಿರುತ್ತವೆ. ಆ ಕೊರತೆಯ ಚಿತ್ರಕ್ಕೂ ಮೇಷ್ಟ್ರು ಸಹಿ ಹಾಕಿದ್ದರೆ ಅಲ್ಲಿ ಪಾಠ ಚೆನ್ನಾಗಿದೆ.

ರೆಕಾರ್ಡಿನಲ್ಲಿ ಸಹಿಯ ದಿನಾಂಕಗಳನ್ನೂ ನೋಡಬೇಕು. ವಾರಕ್ಕೊಂದು ಸಹಿ ಇದ್ದರೆ ಸರಿ. ಹತ್ತು ಪ್ರಯೋಗಗಳಿಗೆ ಒಂದೇ ದಿನ, ಅದೂ ಪರೀಕ್ಷೆಯ ಹಿಂದಿನ ವಾರ, ಒಂದೇ ಪೆನ್ನಿನಲ್ಲಿ ಸಹಿ ಬಿದ್ದಿದ್ದರೆ ಆ ಸೆಮಿಸ್ಟರಿನಲ್ಲಿ ತಿದ್ದುವ ಕೆಲಸ ಆಗಿಲ್ಲ.

ಮಕ್ಕಳನ್ನೇ ಒಂದು ಪ್ರಶ್ನೆ ಕೇಳಬಹುದು. ಪೊಟ್ಯಾಸಿಯಂ ಪರ್ಮಾಂಗನೇಟನ್ನು ಆಕ್ಸಾಲಿಕ್ ಆಮ್ಲದ ಜೊತೆ ಟೈಟ್ರೇಟ್ ಮಾಡುವಾಗ ಫ್ಲಾಸ್ಕಿನಲ್ಲಿ ಕಂದು ಬಣ್ಣ ಬಂದದ್ದು ಯಾವಾಗ, ಯಾಕೆ? ಸಲ್ಫ್ಯೂರಿಕ್ ಆಮ್ಲ ಕಡಿಮೆಯಾದರೆ, ದ್ರಾವಣವನ್ನು 60–70 ಡಿಗ್ರಿಗೆ ಬಿಸಿ ಮಾಡದಿದ್ದರೆ, ಪರ್ಮಾಂಗನೇಟನ್ನು ಒಮ್ಮೆಗೇ ಸುರಿದರೆ ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ಕಂದು ಕಾಣುತ್ತದೆ. ಕೈಯಾರೆ ಕೆಡಿಸಿ, ಮೇಷ್ಟ್ರ ಹತ್ತಿರ ಕಾರಣ ಕೇಳಿಸಿಕೊಂಡ ಹುಡುಗಿಗೆ ಮಾತ್ರ ಇದು ತಟ್ಟನೆ ಹೊಳೆಯುತ್ತದೆ. ಪುಸ್ತಕ ಓದಿದವರು ‘ತಿಳಿ ಗುಲಾಬಿ ಬಣ್ಣ ಬರುತ್ತದೆ’ ಎಂದಷ್ಟೇ ಹೇಳುತ್ತಾರೆ.

ಲ್ಯಾಬಿನಲ್ಲಿ ಅಟೆಂಡರ್ ಇದ್ದಾರೆಯೇ ಎಂಬುದೂ ಬೋಧಕರ ಪ್ರಶ್ನೆಯೇ. ಡೆಸಿನಾರ್ಮಲ್ (0.1 ನಾರ್ಮಲ್) ಆಕ್ಸಾಲಿಕ್ ಆಮ್ಲಕ್ಕೆ ಲೀಟರಿಗೆ 6.3 ಗ್ರಾಂ ತೂಗಬೇಕು, ಮೋರ್ಸ್ ಸಾಲ್ಟಿಗೆ (ಫೆರಸ್ ಅಮೋನಿಯಂ ಸಲ್ಫೇಟ್) 39.2 ಗ್ರಾಂ. ಮೋರ್ಸ್ ಸಾಲ್ಟ್ ದ್ರಾವಣ ಗಾಳಿಗೆ ಆಕ್ಸಿಡೈಸ್ ಆಗುವುದರಿಂದ ಹಿಂದಿನ ವಾರದ್ದು ನಡೆಯದು, ಆಗಾಗ ಹೊಸದು ಮಾಡಬೇಕು. ಅಟೆಂಡರ್ ಹುದ್ದೆ ಖಾಲಿ ಇದ್ದರೆ ಈ ಕೆಲಸ, ಗಾಜು ತೊಳೆಯುವ ಕೆಲಸ ಎಲ್ಲಾ ಅಧ್ಯಾಪಕರ ಮೇಲೆ ಬಿದ್ದು ನಾಲ್ಕು ಗಂಟೆಯ ಪ್ರಾಕ್ಟಿಕಲ್ಲಿಗೆ ಐದೂವರೆ ಗಂಟೆ ಬೇಕಾಗುತ್ತದೆ. ಟೈಮ್‌ಟೇಬಲ್ ಆ ಒಂದೂವರೆ ಗಂಟೆಯನ್ನು ಎಲ್ಲೂ ಬರೆಯುವುದಿಲ್ಲ.

ಬಿಎ ಕಡೆ ಲ್ಯಾಬ್ ಇಲ್ಲ, ಆದ್ದರಿಂದ ಕೊರತೆ ಕಣ್ಣಿಗೆ ಬೀಳುವುದೂ ಇಲ್ಲ. ಎರಡು ಸೆಕ್ಷನ್ ಕೂಡಿಸಿ 120 ಮಕ್ಕಳನ್ನು ಕೂರಿಸಿದರೂ ಟೈಮ್‌ಟೇಬಲ್ ತುಂಬಿದಂತೆಯೇ ಕಾಣುತ್ತದೆ. ಇಲ್ಲಿ ನೋಡಬೇಕಾದ್ದು ಬೇರೆ: ಅಧ್ಯಾಪಕರು ಈ ನೆಲವನ್ನು ಪಾಠಕ್ಕೆ ತಂದಿದ್ದಾರೆಯೇ. ಇತಿಹಾಸ ಓದಲು ಇಷ್ಟು ಶ್ರೀಮಂತವಾದ ಜಾಗ ದೇಶದಲ್ಲಿ ಕಡಿಮೆ. ಬಳ್ಳಾರಿ ಊರಿನ ಪಕ್ಕದಲ್ಲೇ ಸಂಗನಕಲ್ಲು. ನವಶಿಲಾಯುಗದವರು ಡಾಲರೈಟ್ ಕಲ್ಲಿನಿಂದ ಕೊಡಲಿ ತಯಾರಿಸಿದ ಜಾಗ. ಹೊಸಪೇಟೆ ದಾರಿಯಲ್ಲಿ ಕುಡುತಿನಿಯ ಬೂದಿದಿಬ್ಬ. ಊರೊಳಗೆ ಪ್ರಾಗಿತಿಹಾಸ ಸಂಶೋಧಕ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಪುರಾತತ್ವ ವಸ್ತುಸಂಗ್ರಹಾಲಯ. ಕೊಪ್ಪಳದಲ್ಲಿ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕ ಶಾಸನಗಳು, ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನಲ್ಲಿ ಬೃಹತ್ ಶಿಲಾಸಮಾಧಿಗಳು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು; ಅದುವರೆಗೆ ಶಾಸನಗಳಲ್ಲಿ ಕಾಣುತ್ತಿದ್ದ ದೇವಾನಾಂಪ್ರಿಯ ಎಂಬ ಬಿರುದಿನ ರಾಜ ಯಾರು ಎಂಬುದು ಅದರಿಂದ ಖಚಿತವಾಯಿತು. ಇಷ್ಟನ್ನೂ ಬಿಟ್ಟು ಗೈಡ್ ಪುಸ್ತಕದಿಂದ ಮೌರ್ಯರ ಆಡಳಿತ ಓದಿ ಬರೆಸುವ ತರಗತಿ ಇದ್ದರೆ ಅದು ತಾನಿರುವ ಊರಿಗೇ ಬೆನ್ನು ಮಾಡಿದ ತರಗತಿ. ಮೂರನೇ ವರ್ಷದ ಮಕ್ಕಳು ಮಾಡಿದ ಪ್ರಾಜೆಕ್ಟುಗಳ ಶೀರ್ಷಿಕೆ ಕೇಳಿ. ‘ಭಾರತದಲ್ಲಿ ಬಡತನ’ ಎಂಬಂಥ ಶೀರ್ಷಿಕೆಗಳೇ ಇದ್ದರೆ ಅಂತರ್ಜಾಲದಿಂದ ಇಳಿಸಿದ್ದು ಎಂದು ತಿಳಿಯಿರಿ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳ ಕೂಲಿ, ಕಿನ್ನಾಳದ ಗೊಂಬೆ ಮಾಡುವ ಮನೆಗಳ ವರಮಾನ, ತುಂಗಭದ್ರಾ ಕಾಲುವೆಯ ಕೊನೆಯ ಭಾಗದ ರೈತರ ನೀರು, ಸಂಡೂರಿನ ಗಣಿ ಲಾರಿಗಳ ದೂಳು, ಹಟ್ಟಿ ಚಿನ್ನದ ಗಣಿಯ ಕಾರ್ಮಿಕರ ಕಾಲೊನಿ ಇಂಥವು ಕಂಡರೆ ಆ ವಿಭಾಗದಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ಯುವ ಒಬ್ಬರಾದರೂ ಇದ್ದಾರೆ. ಕನ್ನಡ ವಿಭಾಗದಲ್ಲಾದರೆ ಹಳಗನ್ನಡವನ್ನು ಗಟ್ಟಿಯಾಗಿ ಓದಿಸುತ್ತಾರೆಯೇ, ಶಾಸನದ ಪಡಿಯಚ್ಚು ತೋರಿಸುತ್ತಾರೆಯೇ ಎಂದು ಕೇಳಿ.

ಭಾಷೆಯ ಮಾತು ಈ ಭಾಗದಲ್ಲಿ ಬಹಳ ಮುಖ್ಯ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದ ಮಕ್ಕಳು ಬಿಎಸ್ಸಿಗೆ ಬಂದಾಗ ಪುಸ್ತಕ ಇಂಗ್ಲಿಷಿನದು. ಗಡಿಯ ಹಳ್ಳಿಗಳಿಂದ ಬಂದವರಿಗೆ ಮನೆಯ ಮಾತು ತೆಲುಗು, ಇನ್ನು ಕೆಲವರಿಗೆ ಉರ್ದು. ಒಳ್ಳೆಯ ಅಧ್ಯಾಪಕರು ಇಲ್ಲಿ ಮಾಡುವುದು ಏನೆಂದರೆ, ವಿಚಾರವನ್ನು ಕನ್ನಡದಲ್ಲಿ ಬಿಡಿಸಿ, ಪಾರಿಭಾಷಿಕ ಪದವನ್ನು ಇಂಗ್ಲಿಷಿನಲ್ಲಿ ಹಲಗೆಯ ಮೇಲೆ ಬರೆದು, ಉತ್ತರದ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಮಕ್ಕಳಿಂದಲೇ ಕಟ್ಟಿಸುತ್ತಾರೆ. ಈ ಮೂರನೆಯ ಹೆಜ್ಜೆ ತಪ್ಪಿದರೆ ಮಗುವಿಗೆ ಅರ್ಥವಾಗಿರುತ್ತದೆ, ಬರೆಯಲು ಬರುವುದಿಲ್ಲ, ಫೇಲಾಗುತ್ತದೆ. ನೋಟ್ಸ್ ಡಿಕ್ಟೇಟ್ ಮಾಡುವವರ ತರಗತಿಯಲ್ಲಿ ಇದರ ತಿರುಗುಮುರುಗು: ಬರೆದಿರುತ್ತದೆ, ಅರ್ಥವಾಗಿರುವುದಿಲ್ಲ. ಮೊದಲ ಸೆಮಿಸ್ಟರಿನ ಗಣಿತ ಮತ್ತು ಭೌತಶಾಸ್ತ್ರದ ಫಲಿತಾಂಶ ಕೇಳಿದರೆ ಈ ಕೆಲಸ ನಡೆದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಮೂರನೇ ವರ್ಷದ ಫಲಿತಾಂಶ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ, ಆದರೆ ಅಷ್ಟರಲ್ಲಿ ಬಿಟ್ಟುಹೋಗುವವರು ಬಿಟ್ಟುಹೋಗಿರುತ್ತಾರೆ. ಮೊದಲ ವರ್ಷ ಎಷ್ಟು ಜನ ಸೇರಿದ್ದರು, ಅವರಲ್ಲಿ ಎಷ್ಟು ಜನ ಮೂರನೇ ವರ್ಷಕ್ಕೆ ಬಂದರು ಎಂಬ ಎರಡು ಅಂಕಿಗಳನ್ನು ಜೊತೆಗೇ ಕೇಳಿ.

ಅತಿಥಿ ಉಪನ್ಯಾಸಕರ ಬಗ್ಗೆ ಪೋಷಕರಲ್ಲಿ ಒಂದು ತಾತ್ಸಾರ ಇದೆ. ಅದು ತಪ್ಪು. ಈ ಭಾಗದ ಸರ್ಕಾರಿ ಕಾಲೇಜುಗಳ ಪಾಠದ ಭಾರವನ್ನು ದೊಡ್ಡ ಪಾಲು ಹೊತ್ತಿರುವವರು ಅವರು, ಅವರಲ್ಲಿ ಹತ್ತು, ಹದಿನೈದು ವರ್ಷ ಒಂದೇ ಪೇಪರನ್ನು ಕಲಿಸಿ ಕೈ ಪಳಗಿದವರು ಇದ್ದಾರೆ. ತೊಂದರೆ ಇರುವುದು ವ್ಯಕ್ತಿಯಲ್ಲಲ್ಲ, ಕ್ಯಾಲೆಂಡರಿನಲ್ಲಿ. ಅವರ ಆಯ್ಕೆ ವರ್ಷವರ್ಷವೂ ಆನ್‌ಲೈನ್ ಅರ್ಜಿ, ಮೆರಿಟ್ ಪಟ್ಟಿ, ಕೌನ್ಸೆಲಿಂಗ್ ಮೂಲಕ ಆಗಬೇಕು. ಅದು ತಡವಾದರೆ ಸೆಮಿಸ್ಟರ್ ಶುರುವಾಗಿ ವಾರಗಳು ಕಳೆದರೂ ಆ ಪೀರಿಯಡ್ಡುಗಳು ಖಾಲಿ. ಆಮೇಲೆ ಬಂದವರು ಉಳಿದ ವಾರಗಳಲ್ಲಿ ನಾಲ್ಕು ಯೂನಿಟ್ ಓಡಿಸಬೇಕು. ಸೇವಾ ಭದ್ರತೆ ಇಲ್ಲದೆ, ರಜೆಯ ತಿಂಗಳುಗಳಲ್ಲಿ ಗೌರವಧನವೂ ಇಲ್ಲದೆ ದುಡಿಯುವವರನ್ನು 2023ರ ಕೊನೆಯಲ್ಲಿ ತರಗತಿ ಬಹಿಷ್ಕರಿಸಿ ಬೀದಿಗೆ ಇಳಿಯುವಂತೆ ಮಾಡಿದ್ದು ಇದೇ ವ್ಯವಸ್ಥೆ. ಕಾಲೇಜಿನಲ್ಲಿ ಕೇಳಬೇಕಾದ ಪ್ರಶ್ನೆ: ಕಳೆದ ವರ್ಷ ಅತಿಥಿ ಉಪನ್ಯಾಸಕರು ಯಾವ ತಾರೀಕಿಗೆ ಬಂದರು, ಅವರು ಬರುವ ತನಕ ಆ ಪೇಪರಿಗೆ ಯಾರು ಹೋಗುತ್ತಿದ್ದರು? ಖಾಯಂ ಅಧ್ಯಾಪಕರು ಮೊದಲ ಯೂನಿಟ್ ತಾವೇ ಮುಗಿಸಿಟ್ಟು ಕೊಡುವ ವಿಭಾಗಗಳೂ ಇವೆ. ಅಂಥ ವಿಭಾಗ ಸಿಕ್ಕರೆ ಕಟ್ಟಡ ಹಳೆಯದಾಗಿದ್ದರೂ ಸೇರಿಸಿ.

ಇನ್ನು ಕಾಗದಪತ್ರಗಳು. ಕಾಲೇಜಿನ ವೆಬ್‌ಸೈಟಿನ ಬೋಧಕರ ಪುಟ ಇವುಗಳಲ್ಲಿ ಅತ್ಯಂತ ದುರ್ಬಲ. ವರ್ಗವಾಗಿ ಹೋದವರು, ನಿವೃತ್ತರಾದವರು ಅಲ್ಲಿ ಉಳಿದಿರುತ್ತಾರೆ, ಹೊಸಬರು ಇರುವುದಿಲ್ಲ. ಫೋಟೊ, ಪದವಿ ಬಿಟ್ಟು ಯಾವ ಪೇಪರ್ ಕಲಿಸುತ್ತಾರೆ ಎಂಬುದು ಇರುವುದು ಅಪರೂಪ.

ನ್ಯಾಕ್‌ಗೆ ಕಾಲೇಜು ಸಲ್ಲಿಸುವ ಸ್ವಯಂ ಅಧ್ಯಯನ ವರದಿ ಇದಕ್ಕಿಂತ ಎಷ್ಟೋ ಮೇಲು, ಅದನ್ನು ಕಾಲೇಜಿನ ವೆಬ್‌ಸೈಟಿನಲ್ಲೇ ಹಾಕಿರುತ್ತಾರೆ. ಗ್ರೇಡು ನೋಡಿ ಮುಚ್ಚಬೇಡಿ. ಎರಡನೇ ಮಾನದಂಡ ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನದ್ದು. ಇದುವರೆಗಿನ ಪದ್ಧತಿಯಲ್ಲಿ ವಿಶ್ವವಿದ್ಯಾಲಯಗಳಿಗೆ 1,000 ಅಂಕಗಳಲ್ಲಿ ಇದಕ್ಕೆ 200 ಇದ್ದರೆ, ಸಂಯೋಜಿತ ಕಾಲೇಜುಗಳಿಗೆ 350 ಇದೆ. ಕಾಲೇಜಿನ ಜೀವ ಪಾಠದಲ್ಲಿದೆ ಎಂಬುದನ್ನು ನ್ಯಾಕ್ ಸರಿಯಾಗಿಯೇ ಹಿಡಿದಿದೆ. ಅದರಲ್ಲಿ 2.4.1 ಎಂಬ ಅಂಶ ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಶೇಕಡ ಪೂರ್ಣಾವಧಿ ಅಧ್ಯಾಪಕರು ಇದ್ದಾರೆ ಎಂಬುದು, 2.4.2 ಅವರಲ್ಲಿ ನೆಟ್, ಸೆಟ್, ಪಿಎಚ್‌ಡಿ ಇರುವವರು ಎಷ್ಟು ಎಂಬುದು. ಎಡವುವ ಜಾಗವೂ ಇಲ್ಲೇ. ಸರ್ಕಾರಿ ಕಾಲೇಜಿಗೆ ಮಂಜೂರಾತಿ ಸರ್ಕಾರದ್ದು, ಖಾಲಿ ಇದ್ದರೆ ಖಾಲಿ ಎಂದು ಕಾಣುತ್ತದೆ. ಖಾಸಗಿ ಕಾಲೇಜಿಗೆ ಮಂಜೂರಾತಿ ಕೊಡುವುದು ಅದರದೇ ಆಡಳಿತ ಮಂಡಳಿ. ಇರುವಷ್ಟು ಜನರನ್ನೇ ಮಂಜೂರಾದ ಹುದ್ದೆ ಎಂದು ಬರೆದರೆ ಶೇ 100 ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಸರ್ಕಾರಿ ಕಾಲೇಜಿಗೆ ಅನ್ಯಾಯವಾಗುತ್ತದೆ. ಶೇಕಡವನ್ನು ಬಿಟ್ಟು ತಲೆ ಎಣಿಸಿ, ಅದನ್ನು ವಿದ್ಯಾರ್ಥಿಗಳ ಸಂಖ್ಯೆಗೆ ಹೋಲಿಸುವುದೇ ಸರಿ. ನ್ಯಾಕ್ ಪ್ರಕಾರ ಪೂರ್ಣಾವಧಿ ಎಂದರೆ ಇಡೀ ಶೈಕ್ಷಣಿಕ ವರ್ಷ, ನಿಗದಿತ ಗಂಟೆಗಳಲ್ಲಿ ಕನಿಷ್ಠ ಶೇ 90 ಕೆಲಸ ಮಾಡುವವರು. ವರ್ಷದ ನಡುವೆ ಬಂದ ಅತಿಥಿಗಳನ್ನು ಇದರಲ್ಲಿ ಸೇರಿಸಿದ್ದಾರೆಯೇ ಎಂದು ಹೆಸರು ಹೋಲಿಸಿ ನೋಡಬಹುದು. ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯ ಮೊದಲ ಪ್ರಶ್ನೆಯೇ ತರಗತಿಯಲ್ಲಿ ಎಷ್ಟು ಸಿಲಬಸ್ ಮುಗಿಯಿತು ಎಂಬುದು, 85ರಿಂದ 100 ಶೇಕಡ ಎಂಬುದು ಅದರ ಮೇಲಿನ ಆಯ್ಕೆ. ಆ ಒಂದು ಸಾಲನ್ನು ತಪ್ಪದೆ ಓದಿ.

ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಅರ್ಜಿ ಹಾಕಿದ ಕಾಲೇಜಾದರೆ ಅದು ಸಲ್ಲಿಸಿದ ಪಿಡಿಎಫ್ ವೆಬ್‌ಸೈಟಿನಲ್ಲಿರುತ್ತದೆ. ರ‍್ಯಾಂಕ್ ಬಂದಿರಬೇಕಾಗಿಲ್ಲ. ಬೋಧಕರ ಕೋಷ್ಟಕದಲ್ಲಿ ಪ್ರತಿಯೊಬ್ಬರ ಹುದ್ದೆ, ವಿದ್ಯಾರ್ಹತೆ, ತಿಂಗಳ ಲೆಕ್ಕದಲ್ಲಿ ಅನುಭವ, ಸೇರಿದ ದಿನಾಂಕ, ಖಾಯಮ್ಮೋ ತಾತ್ಕಾಲಿಕವೋ ಎಂಬುದು ಇರುತ್ತದೆ. ಸೇರಿದ ದಿನಾಂಕದ ಅಂಕಣವನ್ನು ಮೇಲಿಂದ ಕೆಳಕ್ಕೆ ನೋಡಿದರೆ ಸಾಕು. ಎಲ್ಲರೂ ಕಳೆದ ಎರಡು ವರ್ಷಗಳಲ್ಲಿ ಸೇರಿದವರಾದರೆ ಆ ಕಾಲೇಜಿನಲ್ಲಿ ಯಾರೂ ನಿಲ್ಲುತ್ತಿಲ್ಲ ಎಂಬುದು ಸ್ಪಷ್ಟ.

ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಯಾವುದೂ ಸಿಗದಿದ್ದರೆ ಮಾಹಿತಿ ಹಕ್ಕು ಇದೆ. ನೌಕರರ ಪಟ್ಟಿಯನ್ನು ಆ ಕಾಯ್ದೆಯ ಸೆಕ್ಷನ್ 4(1)(ಬಿ) ಅಡಿ ಅವರೇ ಪ್ರಕಟಿಸಬೇಕು. ಇಲ್ಲದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ, ಉತ್ತರಕ್ಕೆ 30 ದಿನ. ‘ಬೋಧಕರ ವಿವರ ಕೊಡಿ’ ಎಂದು ಬರೆದರೆ ವೆಬ್‌ಸೈಟಿನ ಪಟ್ಟಿಯೇ ಪ್ರಿಂಟಾಗಿ ಬರುತ್ತದೆ. ವಿಭಾಗವಾರು ಮಂಜೂರಾದ, ಭರ್ತಿಯಾದ, ಖಾಲಿ ಇರುವ ಹುದ್ದೆಗಳ ಸಂಖ್ಯೆ ಮತ್ತು ಚಾಲ್ತಿ ಸೆಮಿಸ್ಟರಿನ ಟೈಮ್‌ಟೇಬಲ್ಲಿನ ದೃಢೀಕೃತ ಪ್ರತಿ ಎಂದು ಬಿಡಿಸಿ ಕೇಳಿ.

ಎಂಎ, ಎಂಎಸ್ಸಿ ಮುಗಿಸಿ ಪಿಎಚ್‌ಡಿಗೆ ಕ್ಯಾಂಪಸ್ಸಿಗೆ ಹೋಗುವವರಿಗೆ ಲೆಕ್ಕ ಬದಲಾಗುತ್ತದೆ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾ ಇಲ್ಲಿ ದೊಡ್ಡ ಉಪಕಾರಿ, ಪುಕ್ಕಟೆ. ವಿಶ್ವವಿದ್ಯಾಲಯದ ಹೆಸರು ಆರಿಸಿ, ವಿಭಾಗ ಆರಿಸಿ, ಮಾರ್ಗದರ್ಶಕರ ಹೆಸರಿನಿಂದ ಹುಡುಕಿದರೆ ಅವರ ಕೈಕೆಳಗೆ ಮುಗಿದು ಅಲ್ಲಿ ಸೇರಿದ ಪ್ರಬಂಧಗಳು ಬರುತ್ತವೆ. ಒಂದೊಂದು ಅಧ್ಯಾಯವೂ ಬೇರೆ ಕಡತ. 80_ರೆಕಮೆಂಡೇಶನ್ ಎಂಬ ಹೆಸರಿನ ಕಡತದಲ್ಲಿ ಸಾಮಾನ್ಯವಾಗಿ ಶೀರ್ಷಿಕೆ ಪುಟ ಮತ್ತು ಕೊನೆಯ ಅಧ್ಯಾಯ ಇರುತ್ತವೆ. ಸಮಯ ಕಡಿಮೆ ಇದ್ದರೆ ಅದೊಂದನ್ನೇ ಓದಿ. ತೀರ್ಮಾನಗಳು ಆ ಊರಿನ, ಆ ಅಂಕಿಗಳ ಮೇಲೆ ನಿಂತಿವೆಯೇ, ಯಾವ ಜಿಲ್ಲೆಗಾದರೂ ಅಂಟಿಸಬಹುದಾದ ಮಾತುಗಳೇ? ಸಮಾಜ ವಿಜ್ಞಾನದ ಪ್ರಬಂಧವಾದರೆ ಪ್ರಶ್ನಾವಳಿ ಅನುಬಂಧದಲ್ಲಿದೆಯೇ? ನೋಂದಣಿಯ ದಿನಾಂಕ ಮತ್ತು ಮುಗಿದ ದಿನಾಂಕದ ಅಂತರ ಎಷ್ಟು? ಒಬ್ಬ ಮಾರ್ಗದರ್ಶಕರ ಎಲ್ಲ ವಿದ್ಯಾರ್ಥಿಗಳಿಗೂ ಎಂಟು ವರ್ಷ ಹಿಡಿದಿದ್ದರೆ ನಿಮಗೂ ಅಷ್ಟೇ ಹಿಡಿಯುತ್ತದೆ. ಇತ್ತೀಚೆಗೆ ಮುಗಿದ ಪ್ರಬಂಧಗಳು ಅಲ್ಲಿಗೆ ತಡವಾಗಿ ಏರುತ್ತವೆ, ಆದ್ದರಿಂದ ಒಬ್ಬರ ಹೆಸರಿನಲ್ಲಿ ಏನೂ ಕಾಣದಿದ್ದರೆ ತಕ್ಷಣ ತಳ್ಳಿಹಾಕಬಾರದು.

ಅದೇ ಸಂಸ್ಥೆಯ ವಿದ್ವಾನ್ ತಾಣದಲ್ಲಿ ಅಧ್ಯಾಪಕರ ಪರಿಚಯ, ಲೇಖನಗಳ ಪಟ್ಟಿ ಸಿಗುತ್ತದೆ. ಅವರವರೇ ತುಂಬುವುದರಿಂದ ಕೆಲವರದು ಹಳತಾಗಿರುತ್ತದೆ. ಲೇಖನಗಳ ಸಂಖ್ಯೆಗೆ ಮರುಳಾಗಬೇಡಿ. ಐಎಸ್‌ಎಸ್‌ಎನ್ ಎಂಬುದು ಎಂಟು ಅಂಕಿಯ ನೋಂದಣಿ ಸಂಖ್ಯೆ ಮಾತ್ರ, ಗುಣಮಟ್ಟದ ಮುದ್ರೆಯಲ್ಲ. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳಿಗೂ ಅದು ಇರುತ್ತದೆ. ಒಪ್ಪಿತ ಸಂಶೋಧನಾ ಪತ್ರಿಕೆಗಳ ಯುಜಿಸಿ–ಕೇರ್ ಪಟ್ಟಿ 2025ರಲ್ಲಿ ನಿಂತುಹೋದ ಮೇಲೆ ಪತ್ರಿಕೆಯನ್ನು ತೂಗುವ ಕೆಲಸ ಓದುವವರ ಮೇಲೇ ಬಿದ್ದಿದೆ. ಇಪ್ಪತ್ತು ಲೇಖನಗಳ ಪಟ್ಟಿಯಿಂದ ಎರಡನ್ನು ತೆಗೆದು ಪೂರ್ತಿ ಓದಿದರೆ ಅವರು ಹೇಗೆ ಯೋಚಿಸುತ್ತಾರೆ ಎಂಬುದು ತಿಳಿಯುತ್ತದೆ.

ಮಾರ್ಗದರ್ಶಕರ ಹತ್ತಿರ ಜಾಗ ಇದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಯುಜಿಸಿಯ 2022ರ ಪಿಎಚ್‌ಡಿ ನಿಯಮದಂತೆ ಒಂದು ಸಮಯಕ್ಕೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರನ್ನು ಮಾತ್ರ ಇಟ್ಟುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂದು ವಿಭಾಗಕ್ಕೆ ಒಬ್ಬರೋ ಇಬ್ಬರೋ ಖಾಯಂ ಅಧ್ಯಾಪಕರಿದ್ದರೆ ಇಡೀ ವಿಭಾಗದ ಜಾಗಗಳನ್ನು ಬೆರಳಿನಲ್ಲಿ ಎಣಿಸಬಹುದು. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದವರೂ ಗೈಡ್ ಇಲ್ಲದೆ ಉಳಿಯುವುದು ಇದರಿಂದಲೇ. ಸಂಶೋಧನೆಗೆ ಬರುವವರು ಅಧಿಸೂಚನೆಯಲ್ಲಿ ವಿಷಯವಾರು ಖಾಲಿ ಜಾಗಗಳ ಸಂಖ್ಯೆ ಓದಿಯೇ ಶುಲ್ಕ ಕಟ್ಟಬೇಕು.

ಡಿಗ್ರಿಗೆ ಸೇರುವವರಿಗೆ ದಾಖಲಾತಿಯ ದಿನ ಉಳಿಯುವ ಕೆಲಸ ಒಂದೇ. ನೋಟಿಸ್ ಬೋರ್ಡಿನ ಟೈಮ್‌ಟೇಬಲ್ಲಿನ ಫೋಟೊ ತೆಗೆದುಕೊಂಡು, ನಿಮ್ಮ ಕಾಂಬಿನೇಷನ್ನಿನ ಮೂರೂ ವಿಷಯಗಳ ಪೀರಿಯಡ್ಡುಗಳ ಎದುರು ಇರುವ ಇನಿಷಿಯಲ್ಲುಗಳನ್ನು ಬೋಧಕರ ಪಟ್ಟಿಯ ಜೊತೆ ಹೊಂದಿಸಿ. ‘ಎನ್‌ಎಫ್’ ಎಂದೋ, ಬರೀ ‘ಜಿಎಫ್’ ಎಂದೋ ಬರೆದ ಚೌಕಗಳನ್ನು ಎಣಿಸಿ. ಮೊದಲನೆಯದು ಹೊಸ ನೇಮಕಕ್ಕೆ ಕಾಯುವ ಪೀರಿಯಡ್, ಎರಡನೆಯದು ಅತಿಥಿ ಉಪನ್ಯಾಸಕರದು. ಬೇರೆ ಕಾಲೇಜಿನಲ್ಲಿ ಬೇರೆ ಗುರುತು ಇರಬಹುದು, ಆಫೀಸಿನಲ್ಲಿ ಕೇಳಿದರೆ ಹೇಳುತ್ತಾರೆ. ಅಂಥ ಚೌಕಗಳು ಒಂದೇ ವಿಷಯದಲ್ಲಿ ಗುಂಪಾಗಿದ್ದರೆ ಕಾಂಬಿನೇಷನ್ ಬದಲಿಸಲು ಆ ದಿನವೇ ಅವಕಾಶ ಕೇಳಿ, ಯಾಕೆಂದರೆ ಯುಯುಸಿಎಂಎಸ್‌ನಲ್ಲಿ ಪ್ರವೇಶ ಅಂತಿಮವಾದ ಮೇಲೆ ವಿಷಯ ಬದಲಾವಣೆಗೆ ಪ್ರಾಂಶುಪಾಲರಿಂದ ವಿಶ್ವವಿದ್ಯಾಲಯದವರೆಗೆ ಓಡಾಡಬೇಕಾಗುತ್ತದೆ.